ಸಿಪಿಸಿ ಗೈಡ್: ದುಡ್ಡು ಕೊಡುವ ಮೊದಲು ಸೆಕ್ಷನ್ 102 ತೆರೆದು ನೋಡಿ

ಪರೀಕ್ಷೆ ಹತ್ತಿರ ಬಂದಾಗ ಹಾಸನದ ಕಾನೂನು ವಿದ್ಯಾರ್ಥಿಗಳ ಕೈಗೆ ಕಾಯ್ದೆಯ ಮೂಲಪಠ್ಯವಾದ ಬೇರ್ ಆಕ್ಟ್‌ಗಿಂತ ಮೊದಲು ಬರುವುದು ಪ್ರಶ್ನೋತ್ತರ ಮಾದರಿಯ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಗೈಡ್. ಕೊಳ್ಳಬಾರದೆಂದೇನಿಲ್ಲ, ನೋಡಿ ಕೊಳ್ಳಬೇಕು.

ಮೊದಲು ಸೆಕ್ಷನ್ 102 ತೆಗೆಯಿರಿ. 25,000 ರೂಪಾಯಿವರೆಗಿನ ಹಣ ವಸೂಲಿ ದಾವೆಯಲ್ಲಿ ಎರಡನೇ ಮೇಲ್ಮನವಿ ಇಲ್ಲ ಎಂದಿರಬೇಕು. 3,000 ಎಂದಿದ್ದರೆ ಅದು 2002ರ ಜುಲೈ 1ಕ್ಕೆ ಮುಂಚಿನ ಸರಕು, ರಟ್ಟು ಮಾತ್ರ ಹೊಸದು. ಆಮೇಲೆ ಆರ್ಡರ್ 7 ರೂಲ್ 11 (ಆರ್ಡರ್ ಎಂದರೆ ಸೆಕ್ಷನ್ನುಗಳ ನಂತರ ಬರುವ ರೂಲುಗಳ ಗುಂಪು). ವಾದಪತ್ರ, ಅಂದರೆ ದಾವೆಯ ಅರ್ಜಿ, ತಿರಸ್ಕರಿಸಲು ಆರು ಕಾರಣಗಳಿರಬೇಕು; ನಾಲ್ಕೇ ಇದ್ದರೆ ಕೆಳಗಿಡಿ. ಸೆಕೆಂಡ್ ಹ್ಯಾಂಡ್ ಪ್ರತಿಗಳಲ್ಲಿ ಇದು ಮಾಮೂಲು.

ಗೈಡ್‌ಗಳ ಬಲವಿರುವುದು ವ್ಯತ್ಯಾಸ ತಿಳಿಸುವ ಕೋಷ್ಟಕಗಳಲ್ಲಿ. ಒಂದೇ ವಿವಾದದ ಮೇಲಿನ ಎರಡನೇ ದಾವೆಗೆ ಸಂಬಂಧಿಸಿದ ಸೆಕ್ಷನ್ 10 ಮತ್ತು 11 ಪಕ್ಕಪಕ್ಕ ಇಟ್ಟು, ಮೊದಲನೆಯದು ಬಾಕಿಯಿರುವ ದಾವೆಯದು, ಎರಡನೆಯದು ತೀರ್ಮಾನವಾದದ್ದು ಎಂದು ಚೊಕ್ಕವಾಗಿ ತೋರಿಸುತ್ತವೆ. ಆದರೆ ಸೆಕ್ಷನ್ 10 ತಡೆಯುವುದು ವಿಚಾರಣೆಯನ್ನು, ದಾವೆ ಹೂಡುವುದನ್ನಲ್ಲ. ಈ ಒಂದು ಸಾಲು ಬಿಟ್ಟುಹೋದ ಕೋಷ್ಟಕ ಅಂಕ ಕಳೆಯುತ್ತದೆ.

ದೊಡ್ಡ ದೋಷ ಜೋಡಣೆಯದು. ಮೊದಲು 158 ಸೆಕ್ಷನ್, ನಂತರ ಆರ್ಡರ್‌ಗಳು ಎಂದು ಬೇರೆಬೇರೆಯಾಗಿ ಕಟ್ಟಿರುತ್ತಾರೆ. ದಾವೆ ಹಾಗೆ ನಡೆಯುವುದಿಲ್ಲವಲ್ಲ! ದಾವೆ ಹೂಡುವ ಸೆಕ್ಷನ್ 26ರ ಜೊತೆ ಆರ್ಡರ್ 4 ಮತ್ತು 7, ಸೆಕ್ಷನ್ 27ರ ಜೊತೆ ಸಮನ್ಸಿನ ಆರ್ಡರ್ 5, ತೀರ್ಪು-ಡಿಕ್ರಿಯ ಸೆಕ್ಷನ್ 33ರ ಜೊತೆ ಆರ್ಡರ್ 20 ಓದಬೇಕು. ಗೈಡ್‌ನ ಅಂಚಿನಲ್ಲಿ ಈ ಸಂಖ್ಯೆಗಳನ್ನು ನೀವೇ ಬರೆದುಕೊಳ್ಳಿ. ಇಲ್ಲದಿದ್ದರೆ ವಾದಪತ್ರ ಹಿಂದಿರುಗಿಸುವುದು, ತಿರಸ್ಕರಿಸುವುದು ಎರಡೂ ಒಂದೇ ಅನ್ನಿಸಿಬಿಡುತ್ತದೆ. ಆರ್ಡರ್ 7 ರೂಲ್ 10ರ ಹಿಂದಿರುಗಿಸುವಿಕೆ ಬರೀ ಆದೇಶ, ಅದರ ಮೇಲ್ಮನವಿ ಆರ್ಡರ್ 43ರಡಿ. ರೂಲ್ 11ರ ತಿರಸ್ಕಾರ ಸೆಕ್ಷನ್ 2(2)ರ ಪ್ರಕಾರ ಡಿಕ್ರಿ, ಮೇಲ್ಮನವಿ ಸೆಕ್ಷನ್ 96ರಡಿ.

ಪ್ರತಿವಾದಿಯ ಲಿಖಿತ ಹೇಳಿಕೆಗೆ '30 ದಿನ, ಹೆಚ್ಚೆಂದರೆ 90' ಎಂದು ಬರೆದು ಮುಗಿಸುವ ಗೈಡ್ ಅರ್ಧ ಉತ್ತರವನ್ನಷ್ಟೇ ಕೊಟ್ಟಂತೆ. ಸಾಮಾನ್ಯ ದಾವೆಯಲ್ಲಿ 90 ದಿನ ಕಡ್ಡಾಯವಲ್ಲ, ತಕ್ಕ ಕಾರಣವಿದ್ದರೆ ನ್ಯಾಯಾಲಯ ಅದರಾಚೆಗೂ ಅವಕಾಶ ಕೊಡಬಹುದೆಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ವಾಣಿಜ್ಯ ದಾವೆಯಲ್ಲಿ ಮಾತ್ರ 120 ದಿನ ದಾಟಿದರೆ ಹಕ್ಕೇ ಹೋಯಿತು.

ಉದಾಹರಣೆಗಳೂ ಸಪ್ಪೆ, ದಾವೆ ಎಲ್ಲಿ ಹೂಡಬೇಕೆನ್ನುವ ಸೆಕ್ಷನ್ 20ಕ್ಕೆ ಕಾಯ್ದೆಯಲ್ಲಿರುವ ಕಲ್ಕತ್ತಾ-ದೆಹಲಿ ವ್ಯಾಪಾರಿಗಳನ್ನೇ ಎತ್ತಿ ಹಾಕಿರುತ್ತಾರೆ. ಅರಸೀಕೆರೆಯವರು ತಿಪಟೂರಿನವರಿಗೆ ಸಾಲಕ್ಕೆ ಕೊಬ್ಬರಿ ಮಾರಿದ್ದನ್ನು ಇಟ್ಟುಕೊಂಡು ನೋಡಿ: ಪ್ರತಿವಾದಿ ಇರುವಲ್ಲಿ, ಅಥವಾ ವ್ಯಾಜ್ಯಕಾರಣ ಪೂರ್ತಿಯೋ ಭಾಗಶಃವೋ ಹುಟ್ಟಿದಲ್ಲಿ ದಾವೆ. ಸಕಲೇಶಪುರ-ಮೂಡಿಗೆರೆ ಗಡಿಯಲ್ಲಿ ಎರಡೂ ಕಡೆಗೆ ಚಾಚಿದ ಕಾಫಿ ತೋಟವಾದರೆ ಸೆಕ್ಷನ್ 17, ಯಾವ ಕಡೆಯ ನ್ಯಾಯಾಲಯವಾದರೂ ನಡೆದೀತು.

ಡಿಕ್ರಿ ಅಮಲ್ಜಾರಿಯ ಆರ್ಡರ್ 21ಕ್ಕೆ ಮಾತ್ರ ಗೈಡ್ ನಂಬಬೇಡಿ. 106 ರೂಲ್‌ಗಳನ್ನು ಎರಡು ಮೂರು ಪುಟಕ್ಕೆ ಇಳಿಸಿದರೆ ಉಳಿಯುವುದು ಬರೀ ಶೀರ್ಷಿಕೆ. ಜಪ್ತಿಯಾದ ಆಸ್ತಿ ತನ್ನದೆನ್ನುವವರಿಗೆ ರೂಲ್ 58, ಸ್ವಾಧೀನಕ್ಕೆ ಅಡ್ಡಿ ಬಂದರೆ ರೂಲ್ 97. ಎರಡನ್ನೂ ಅಮಲ್ಜಾರಿ ನ್ಯಾಯಾಲಯವೇ ತೀರ್ಮಾನಿಸುತ್ತದೆ, ಬೇರೆ ದಾವೆ ಹೂಡುವಂತಿಲ್ಲ. ಇಷ್ಟನ್ನು ಬೇರ್ ಆಕ್ಟ್‌ನಲ್ಲೇ ಓದಿಕೊಳ್ಳಿ.