ಖಾನಾವಳಿಯೋ, ಮೆಸ್ಸೋ, ಕೆಫೆಯೋ? ಸಪ್ತಾಪುರದ ಮೂರು ತಾಟು

ಧಾರವಾಡಕ್ಕೆ ಓದಲು ಬಂದವರ ಮೊದಲ ಚಿಂತೆ ರೂಮಿನದು, ಎರಡನೆಯದು ಊಟದ್ದು. ರೂಮು ಹೇಗೋ ವಾರದೊಳಗೆ ಸಿಗುತ್ತದೆ. ಊಟದ ಚಿಂತೆ ಮಾತ್ರ ಪರೀಕ್ಷೆ ಮುಗಿಯುವ ತನಕ ಬಿಡುವುದಿಲ್ಲ. ನಮ್ಮ ಅಕ್ಕನ ಮಗ ಪಿಎಸ್‌ಐ ಪರೀಕ್ಷೆಯ ತಯಾರಿಗೆಂದು ಸಪ್ತಾಪುರದಲ್ಲಿ ರೂಮು ಹಿಡಿದ ಮೇಲೆ ಈ ಚಿಂತೆ ನನಗೂ ಅಂಟಿತು. ನಾನು ಇಲ್ಲೇ ಎಂ.ಎ. ಮುಗಿಸಿ ಇಲ್ಲೇ ಉಳಿದವನು, ಹಳೆಯ ಜಾಗಗಳೆಲ್ಲ ಗೊತ್ತು. ಹೊಸವು ಎಷ್ಟು ಎದ್ದಿವೆ ಎಂಬುದು ಗೊತ್ತಾದದ್ದು ಅವನ ಜೊತೆ ತಿರುಗಿದಾಗ. ಕೆಸಿಡಿ ಸರ್ಕಲ್‌ನಿಂದ ಸಪ್ತಾಪುರ ಬಾವಿ, ಶ್ರೀನಗರ ಸರ್ಕಲ್, ಆಚೆಗೆ ಯೂನಿವರ್ಸಿಟಿ ಗೇಟಿನ ತನಕ ಮೂರೂ ಬಗೆಯ ಕಡೆ ಉಂಡು ನೋಡಿದೆ: ಖಾನಾವಳಿ, ತಿಂಗಳ ಲೆಕ್ಕದ ಮೆಸ್, ಈಚೆಗೆ ತೆರೆದ ಕೆಫೆ. ಅಳತೆಗೆ ಇಟ್ಟುಕೊಂಡದ್ದು ಒಂದೇ. ರೊಟ್ಟಿ ಹಂಚಿನಿಂದ ಇಳಿದು ತಾಟಿಗೆ ಬರಲು ಎಷ್ಟು ಹೊತ್ತಾಗುತ್ತದೆ? ಉಳಿದದ್ದೆಲ್ಲ ಅದರ ಹಿಂದೆ.

ಇಷ್ಟೊಂದು ತಾಟು ಈ ಒಂದೇ ರಸ್ತೆಯ ಸುತ್ತ ಯಾಕೆ ಎಂದು ಹೊಸಬರು ಕೇಳುತ್ತಾರೆ. ಅದಕ್ಕೆ ರೈಲ್ವೆಯಿಂದ ಶುರು ಮಾಡಬೇಕು. ಬ್ರಿಟಿಷರ ಕಾಲದಲ್ಲಿ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಕೂಡಿಕೊಂಡಿತು, ಕಚೇರಿ ಮದ್ರಾಸಿಗೆ ಎದ್ದು ಹೋಯಿತು, ಇಲ್ಲಿ ದೊಡ್ಡ ಕಟ್ಟಡ ಉಳಿಯಿತು. ಆಗ ಈ ಸೀಮೆಯ ಹುಡುಗರು ಡಿಗ್ರಿಗೆ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮುಂದೆ ನಿಂತು ಜನರಿಂದ ಹಣ ಕೂಡಿಸಿದರು. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು, ಮುಂದೆ ರೈಲ್ವೆಯವರ ಆ ಕಟ್ಟಡವೇ ಅದರ ಮನೆಯಾಯಿತು. ಇವತ್ತು ಎಲ್ಲರೂ ಕೆಸಿಡಿ, ಅಂದರೆ ಕರ್ನಾಟಕ ಕಾಲೇಜು ಧಾರವಾಡ, ಎನ್ನುವುದು ಈ ಕಾಲೇಜಿಗೇ.

ಕರ್ನಾಟಕ ಯೂನಿವರ್ಸಿಟಿ 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಅದೇ ವರ್ಷ ಧಾರವಾಡಕ್ಕೆ ಬಂತು. 1954ರಿಂದ 1967ರ ತನಕ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರು ಊರ ಹೊರಗಿನ ಛೋಟಾ ಮಹಾಬಳೇಶ್ವರ ಗುಡ್ಡದಲ್ಲಿ ಅದನ್ನು ಬೆಳೆಸಿದರು. ಆ ಕ್ಯಾಂಪಸ್ಸಿಗೆ ಪಾವಟೆನಗರ ಎಂದೇ ಹೆಸರು. ಈ ಕಡೆ ಕಾಲೇಜು, ಆ ಕಡೆ ಯೂನಿವರ್ಸಿಟಿ, ನಡುವೆ ಸಪ್ತಾಪುರ. ರಾಜ್ಯ ಒಂದಾದ ಮೇಲೆ ಬೀದರ್‌ನಿಂದ ಕಾರವಾರದ ತನಕ ಇದೇ ಯೂನಿವರ್ಸಿಟಿ. ವಿಜಯಪುರದ, ಬಾಗಲಕೋಟೆಯ, ಗುಲಬರ್ಗಾದ ಹುಡುಗರಿಗೆ ದಿನಾ ಎರಡು ಹೊತ್ತು ರೊಟ್ಟಿ ಬೇಕಿತ್ತು. ಖಾನಾವಳಿಗಳು ನಿಂತದ್ದು ಆ ಹಸಿವಿನ ಮೇಲೆ. 1980ರಲ್ಲಿ ಗುಲಬರ್ಗಾ ಬೇರೆಯಾಯಿತು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆಗಿ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕೈಬಿಟ್ಟವು. ಯೂನಿವರ್ಸಿಟಿಯ ಸೀಮೆ ಕುಗ್ಗಿತಲ್ಲ, ಇನ್ನು ಸಪ್ತಾಪುರ ಖಾಲಿ ಹೊಡೆಯುತ್ತದೆ ಎಂದುಕೊಂಡರೆ ಆದದ್ದು ಉಲ್ಟಾ. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ, ಕಾನ್‌ಸ್ಟೇಬಲ್ ಎನ್ನುತ್ತ ಕೋಚಿಂಗ್ ಸೆಂಟರುಗಳು ಎದ್ದವು. ಅದೇ ಬೀದರ್, ಅದೇ ರಾಯಚೂರು, ಅದೇ ಇಂಡಿ, ಸಿಂದಗಿಯ ಮಕ್ಕಳು ಮತ್ತೆ ಬಂದರು, ಈ ಸಲ ಅಡ್ಮಿಷನ್ ಇಲ್ಲದೆ.

ಅವರಿಗಾಗಿ ಓಣಿಗಳ ಮುಖವೇ ಬದಲಾಯಿತು. ಹೆಂಚಿನ ಮನೆ, ಮುಂದೆ ಕಂಪೌಂಡು, ಒಳಗೆ ಮಾವಿನ ಗಿಡ ಇದ್ದ ಕಡೆ ಈಗ ನಾಲ್ಕು ಮಜಲು. ಕೆಳಗೆ ಝೆರಾಕ್ಸ್ ಮತ್ತು ಪುಸ್ತಕದ ಅಂಗಡಿ, ಮೇಲೆ ಕ್ಲಾಸು, ಅದರ ಮೇಲೆ ಸೀಟಿಗಿಷ್ಟು ಬಾಡಿಗೆಯ ಸ್ಟಡಿ ಲೈಬ್ರರಿ, ತುದಿಯಲ್ಲಿ ಪಿಜಿ. ಊಟದ ಜಾಗ ಬೇಸ್‌ಮೆಂಟಿಗೋ ಹಿತ್ತಲಿಗೋ ಸರಿದಿದೆ. ಮೂರು ಬಗೆಯ ಊಟದ ವ್ಯತ್ಯಾಸ ಅರ್ಧ ಇಲ್ಲೇ ಇದೆ, ಬಾಡಿಗೆಯಲ್ಲಿ.

ಖಾನಾವಳಿ. ಒಳ್ಳೆಯ ಖಾನಾವಳಿಯನ್ನು ಕಣ್ಣಿಗಿಂತ ಮೊದಲು ಕಿವಿ ಹಿಡಿಯುತ್ತದೆ. ಒಳಗಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಬೇಕು. ನಾನು ಹೆಚ್ಚಾಗಿ ಹೋಗುವ ಕಡೆ ಅಡಿಗೆಮನೆಗೂ ಊಟದ ಸಾಲಿಗೂ ನಡುವೆ ಅರ್ಧ ಗೋಡೆ ಅಷ್ಟೇ, ಎಲ್ಲ ಕಾಣುತ್ತದೆ. ಕುದಿಯುವ ಎಸರನ್ನು ಜೋಳದ ಹಿಟ್ಟಿಗೆ ಸುರಿದು, ಬಿಸಿ ಇರುವಾಗಲೇ ನಾದಿ, ಉಂಡೆ ಕಟ್ಟಿ, ಒಣಹಿಟ್ಟಿನ ಮೇಲೆ ತಿರುಗಿಸುತ್ತ ಬಡಿಯುತ್ತಾರೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲ್ಮೈ ಸವರಿ ಹಿಟ್ಟಿನ ಪುಡಿ ತೆಗೆಯುತ್ತಾರೆ, ತಿರುವುತ್ತಾರೆ, ಕೊನೆಗೆ ಬೆಂಕಿಗೆ ಆನಿಸುತ್ತಾರೆ. ಆಗ ಉಬ್ಬಿದರೆ ಹಿಟ್ಟು ಹೊಸದು ಎಂದರ್ಥ. ಜೋಳ ಬೀಸಿ ಬಹಳ ದಿನವಾಗಿದ್ದರೆ ಜಿಗಿ ಹೋಗಿ ಅಂಚು ಸೀಳುತ್ತದೆ, ಬಡಿಯುವವರು ಎಷ್ಟೇ ಜಾಣರಿದ್ದರೂ ಅಷ್ಟೇ.

ತಾಟಿನಲ್ಲಿ ಎರಡು ರೊಟ್ಟಿ, ಎಣಗಾಯಿ, ಒಂದು ಕಾಳುಪಲ್ಯ, ಶೇಂಗಾ ಚಟ್ನಿ ಅಥವಾ ಗುರೆಳ್ಳು ಚಟ್ನಿ, ಕೆಂಪು ಖಾರ, ಮೊಸರು, ಹಸಿ ಉಳ್ಳಾಗಡ್ಡಿ, ಸವತಿಕಾಯಿ, ಸೀಸನ್ ಇದ್ದರೆ ಹಸಿ ಮೆಂತ್ಯದ ಸೊಪ್ಪು. ಆಮೇಲೆ ಅನ್ನ, ಸಾರು, ಮಜ್ಜಿಗೆ. ನೂರು ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ರೊಟ್ಟಿ ಇನ್ನೊಂದು ಬೇಕೋ ಎಂದು ಕೇಳುವ ಮೊದಲೇ ತಾಟಿನಲ್ಲಿ ಬಿದ್ದಿರುತ್ತದೆ. ಬೇಡ ಎಂದರೆ "ಇಷ್ಟಕ್ಕ ಸಾಕಂದ್ರ ಹೆಂಗ್ರೀ ಸರ, ಓದೋ ಹುಡುಗ ಇವನ ಕೂಡ ಬಂದೀರಿ" ಎಂಬ ಮಾತು ಬೇರೆ.

ಆದರೆ ಎಲ್ಲ ಖಾನಾವಳಿಯೂ ಖಾನಾವಳಿಯಲ್ಲ. ಮಷೀನು ಬಂದಿದೆ. ಮಷೀನಿನ ರೊಟ್ಟಿಯನ್ನು ಗುರುತಿಸುವುದು ಕಷ್ಟವೇನಲ್ಲ: ಅಂಚು ಕಂಪಾಸ್ ಇಟ್ಟು ಎಳೆದಂತೆ ದುಂಡಗೆ, ದಪ್ಪ ಎಲ್ಲ ಕಡೆ ಒಂದೇ, ಬೆರಳಿನ ತಗ್ಗು ಎಲ್ಲೂ ಇಲ್ಲ. ಬಿಸಿ ಇದ್ದಾಗ ನಡೆಯುತ್ತದೆ, ಆರಿದರೆ ಚರ್ಮ. ಮಾಲೀಕರೊಬ್ಬರನ್ನು ಕೇಳಿದ್ದಕ್ಕೆ ಮುಚ್ಚುಮರೆ ಮಾಡದೆ ಹೇಳಿದರು: "ಬಡಿಯೋರ ಸಿಗವಲ್ರು ಸರ. ಮಧ್ಯಾಹ್ನಕ್ಕ ಇಬ್ಬರು ಬರ್ತಾರ. ರಾತ್ರಿ ಯಾರೂ ಇರಂಗಿಲ್ಲ, ಅವಾಗ ಮಷೀನ." ಅದನ್ನು ಕೇಳಿದ ಮೇಲೆ ನನ್ನ ಲೆಕ್ಕ ಸಲೀಸಾಯಿತು. ಖಾನಾವಳಿಗೆ ಮಧ್ಯಾಹ್ನವೇ ಹೋಗಬೇಕು, ಅದೂ ಒಂದು ಗಂಟೆಯ ಒಳಗೆ. ಎರಡಕ್ಕೆ ಹೋದರೆ ಹನ್ನೆರಡಕ್ಕೆ ಬಡಿದು ಪೇರಿಸಿಟ್ಟ ರೊಟ್ಟಿ ಬರುತ್ತದೆ. ಬಿಸಿಯದು ಬೇಕೆಂದು ಕೇಳಿ ನೋಡಿ. "ಐದ್ ನಿಮಿಷ ಕುಂದರ್ರಿ" ಎಂದರೆ ಕೂಡ್ರುವುದು ಲೇಸು. ಕೂಡಲೇ ತಂದಿಟ್ಟರೆ ಅನುಮಾನ ಪಡಿ.

ಖಾನಾವಳಿಗೆ ಇನ್ನೊಂದು ಕೊರತೆ ಇದೆ, ನಮ್ಮಂಥ ಗಂಡಸರು ಅದನ್ನು ಹೇಳುವುದು ಕಡಿಮೆ. ಅದು ಬಹಳ ವರ್ಷ ಗಂಡುಹುಡುಗರ ಜಾಗವಾಗಿತ್ತು. ಮೂಲೆಯಲ್ಲಿ ಪರದೆ ಇಳಿಬಿಟ್ಟು 'ಫ್ಯಾಮಿಲಿ ರೂಮ್' ಎಂದು ಬರೆದಿರುತ್ತಿದ್ದರು. ನನ್ನ ಜೊತೆ ಎಂ.ಎ. ಓದಿದ ಹುಡುಗಿಯರು ರೊಟ್ಟಿ ಕಟ್ಟಿಸಿಕೊಂಡು ಹಾಸ್ಟೆಲ್ಲಿಗೆ ಒಯ್ಯುತ್ತಿದ್ದರೇ ಹೊರತು ಅಲ್ಲಿ ಕೂತು ಉಂಡದ್ದು ನಾನು ಕಂಡಿಲ್ಲ. ಈಗ ಪರದೆ ಹೋಗಿದೆ, ಹಿಂಜರಿಕೆ ಪೂರ್ತಿ ಹೋಗಿಲ್ಲ.

ಮೆಸ್. ಇದು ಹಣದ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ. ತಿಂಗಳಿಗೆ ಮೂರು ಸಾವಿರದ ಆಚೀಚೆ, ದಿನಕ್ಕೆ ಎರಡು ಊಟ. ಕಾರ್ಡಿನ ಮೇಲೆ ತಾರೀಖು ಹೊಡೆಯುತ್ತಾರೆ. ಡಬ್ಬಿ ಬೇಕೆಂದರೆ ಡಬ್ಬಿ. ಓದುವವನಿಗೆ ಇದರ ದೊಡ್ಡ ಗುಣ ಎಂದರೆ ಏನು ತಿನ್ನಬೇಕೆಂದು ಯೋಚಿಸುವ ಕೆಲಸವೇ ಇಲ್ಲ. ಹೋಗು, ಉಣ್ಣು, ತಾಟು ತೊಳೆಯುವಲ್ಲಿ ಇಡು, ಲೈಬ್ರರಿಯ ಸೀಟಿಗೆ ಹಿಂತಿರುಗು. ಊಟಕ್ಕೆ ಕಾಲು ಗಂಟೆ ಸಾಕು.

ರುಚಿಗೆ ಬಂದರೆ ಹೇಳಲು ಹೆಚ್ಚಿಲ್ಲ. ಚಪಾತಿ ಮುಖ್ಯ, ರೊಟ್ಟಿ ಒಂದು ಹೊತ್ತು. ಪಲ್ಯ ತೆಳುವು. ಸೋಮವಾರದ ಹೆಸರುಕಾಳು ಗುರುವಾರ ಮಡಕಿಕಾಳಿನ ಜೊತೆ ಮರಳಿ ಬರುತ್ತದೆ. ಭಾನುವಾರ ಮಧ್ಯಾಹ್ನ ಶಿರಾ ಅಥವಾ ಹೋಳಿಗೆ, ಆ ದಿನ ರಾತ್ರಿ ಬಂದ್. ನನ್ನ ಅಳಿಯ ಮೊದಲು ಸೇರಿದ ಮೆಸ್ಸಿನಲ್ಲಿ ಮುಂಗಡ ಕೊಟ್ಟ ಮೇಲೆ ತಾಟು ದಿನದಿನಕ್ಕೆ ಸಣ್ಣದಾಗುತ್ತ ಹೋಯಿತು, ಮೂರನೇ ವಾರಕ್ಕೆ ಮೊಸರು ಮಜ್ಜಿಗೆಯಾಯಿತು. ಬಿಟ್ಟು ಬೇರೆ ಕಡೆ ಸೇರಿದ. ಅಲ್ಲಿ ಮನೆಯವರೇ ಅಡಿಗೆ ಮಾಡುತ್ತಾರೆ, ಗಂಡ ಬಡಿಸುತ್ತಾರೆ, ಹೆಚ್ಚೆಂದರೆ ಮೂವತ್ತು ಹುಡುಗರು. ಅವನಿಗೆ ಜ್ವರ ಬಂದಾಗ ಆ ತಾಯಿ ಕೇಳದೆಯೇ ಗಂಜಿ ಮಾಡಿ ಡಬ್ಬಿಯಲ್ಲಿ ಕಳಿಸಿದರು. ಹೀಗಾಗಿ ಮೆಸ್ ಆರಿಸುವಾಗ ಬೋರ್ಡು, ಪಟ್ಟಿ ನೋಡುವುದಕ್ಕಿಂತ ಎಷ್ಟು ಜನ ಉಣ್ಣುತ್ತಾರೆ ಎಂದು ಕೇಳುವುದು ಒಳ್ಳೆಯದು. ನೂರು ದಾಟಿದರೆ ಅದು ಕಾರ್ಖಾನೆಯೇ. ಮತ್ತು ಮೊದಲ ತಿಂಗಳು ಪೂರ್ತಿ ಮುಂಗಡ ಕೊಡಬಾರದು. ಹದಿನೈದು ದಿನದ್ದು ಕೊಡುತ್ತೇನೆಂದರೆ ಒಪ್ಪುವವರು ಇದ್ದಾರೆ.

ಕೆಫೆ. ಯೂನಿವರ್ಸಿಟಿಯ ಸುತ್ತ, ಕಲ್ಯಾಣನಗರದ ಕಡೆ ಇವು ಒಂದೊಂದಾಗಿ ಬಾಗಿಲು ತೆರೆಯುತ್ತಿವೆ. 2016ರಲ್ಲಿ ಊರಿಗೆ ಐಐಟಿ ಬಂತು, ಅದಕ್ಕೂ ಮೊದಲು ಹೈಕೋರ್ಟ್ ಪೀಠ ಬಂತು. ಕೈಯಲ್ಲಿ ದುಡ್ಡಿರುವ, ಸಂಜೆ ಕೂತು ಮಾತಾಡಲು ಜಾಗ ಬೇಕೆನ್ನುವ ಜನ ಹೆಚ್ಚಾದರು. ಹಳೆಯ ಬಂಗಲೆಯೊಂದರ ಅಂಗಳದಲ್ಲಿ ಮರ ಕಡಿಯದೆ ಅದರ ಕೆಳಗೇ ಟೇಬಲ್ ಹಾಕಿದ ಕೆಫೆ ನನಗೆ ಇಷ್ಟವಾಯಿತು. ನಾಲ್ಕು ಮಜಲಿನ ಕಾಂಪ್ಲೆಕ್ಸ್ ಏಳುವುದಕ್ಕಿಂತ ಇದು ಎಷ್ಟೋ ಪಾಲು ವಾಸಿ. ಇನ್ನೊಂದು ಕಡೆ ಗೋಡೆಗೆ ಪ್ಲಾಸ್ಟಿಕ್ ಬಳ್ಳಿ, ನಿಯಾನ್ ದೀಪದಲ್ಲಿ ಯಾವುದೋ ವಾಕ್ಯ, ಮೆನುವಿನಲ್ಲಿ ಪೆರಿ ಪೆರಿ ಫ್ರೈಸ್, ಪಾಸ್ತಾ, ಕೋಲ್ಡ್ ಕಾಫಿ.

ನನ್ನ ಅಳತೆಗೆ ಸಿಕ್ಕಿದ್ದು ಇಲ್ಲಿಯ 'ಉತ್ತರ ಕರ್ನಾಟಕ ಪ್ಲ್ಯಾಟರ್'. ಕರಿ ಕಲ್ಲಿನ ಹಲಗೆಯ ಮೇಲೆ ಬಾಳೆ ಎಲೆಯ ತುಂಡು, ಅದರ ಮೇಲೆ ತ್ರಿಕೋನಕ್ಕೆ ಕತ್ತರಿಸಿದ ರೊಟ್ಟಿ, ಬೆರಳ ತುದಿಯಷ್ಟು ಬಟ್ಟಲಲ್ಲಿ ಚಟ್ನಿ. ರೊಟ್ಟಿ ಎಲ್ಲಿಂದಲೋ ಪ್ಯಾಕೆಟ್ಟಿನಲ್ಲಿ ತರಿಸಿ ಮೈಕ್ರೋವೇವ್‌ನಲ್ಲಿ ಬೆಚ್ಚಗೆ ಮಾಡಿದ್ದು. ಮೂರು ನಿಮಿಷ ಕಳೆದರೆ ಮುರಿಯಲು ಎರಡೂ ಕೈ ಬೇಕು. ಬಿಲ್ಲು ಖಾನಾವಳಿಯ ಎರಡೂವರೆ ಪಟ್ಟು. ರೊಟ್ಟಿಯನ್ನು ಕತ್ತರಿಸಿ ಕೊಡುವುದು ಯಾಕೆಂದು ಇನ್ನೂ ನನಗೆ ಹೊಳೆದಿಲ್ಲ. ರೊಟ್ಟಿ ಮುರಿಯುವುದು ಊಟದ ಅರ್ಧ ಸುಖ.

ಹಾಗೆಂದು ಕೆಫೆಯನ್ನು ಹೊಡೆದುಹಾಕಲಾರೆ. ಒಂದು ಚಾ ತಗೊಂಡು ಎರಡು ಗಂಟೆ ಕೂತರೂ ಏಳು ಎನ್ನುವವರಿಲ್ಲ, ಫೋನ್ ಚಾರ್ಜಿಗೆ ಪ್ಲಗ್ ಇದೆ, ಶೌಚಾಲಯ ಸ್ವಚ್ಛ. ಖಾನಾವಳಿಯ ಪರದೆಯ ಹಿಂದೆ ಕೂರಲು ಒಪ್ಪದ ಹುಡುಗಿಯರು ಇಲ್ಲಿ ನೋಟ್ಸ್ ಹರಡಿಕೊಂಡು ನಿರಾಳವಾಗಿ ಕೂತಿರುತ್ತಾರೆ. ಅದು ರೊಟ್ಟಿಗಿಂತ ದೊಡ್ಡ ಸಂಗತಿ ಎಂದು ನಮ್ಮ ಮನೆಯವರ ವಾದ, ನಾನು ಎದುರಾಡಲಿಲ್ಲ. ಕೆಫೆಗೆ ಸಂಜೆ ಹೋಗಿ, ಸ್ಯಾಂಡ್‌ವಿಚ್ಚೋ ಕಾಫಿಯೋ ತಗೊಳ್ಳಿ. ಪ್ಲ್ಯಾಟರ್ ಮಾತ್ರ ಬೇಡ.

ಕ್ಯಾಂಪಸ್ಸಿನ ಒಳಗಿನ ಕ್ಯಾಂಟೀನು ಉಪ್ಪಿಟ್ಟು, ಚಾಕ್ಕೆ ಸರಿ, ಊಟಕ್ಕೆ ಅಲ್ಲ. ಲೈನ್ ಬಜಾರಿನ ಪೇಢೆ ಬೇರೆಯೇ ಲೋಕ, ಇಲ್ಲಿ ತರುವುದಿಲ್ಲ. ಮಾಂಸದೂಟಕ್ಕೆ ಸಾವಜಿ ಖಾನಾವಳಿಯನ್ನೇ ಹುಡುಕಬೇಕು. ಅದಕ್ಕೆ ಹುಬ್ಬಳ್ಳಿಯೇ ಆಗಬೇಕೆನ್ನುವವರಿಗೆ ಜುಬಿಲಿ ಸರ್ಕಲ್‌ನಿಂದ ಚಿಗರಿ ಬಸ್ಸಿದೆ. 2018ರಲ್ಲಿ ಈ ಬಸ್ಸು ಶುರುವಾದಾಗಿನಿಂದ ಧಾರವಾಡದವರು ಊಟಕ್ಕೆಂದೇ ಹುಬ್ಬಳ್ಳಿಗೆ ಹೋಗಿ ಬರುವುದು ಮಾಮೂಲಾಗಿದೆ. ಆ ದಾರಿ ಅಗಲ ಮಾಡಲು ಕಡಿದ ಮರಗಳ ನೆನಪಾದರೆ ಮಾತ್ರ ಸಾವಜಿ ಖಾರವೂ ಸ್ವಲ್ಪ ಕಹಿಯೇ.

ಅಳಿಯನಿಗೆ ಕೊನೆಗೆ ಹೊಂದಿಸಿಕೊಟ್ಟದ್ದು ಹೀಗೆ: ಆ ಮೂವತ್ತು ಜನರ ಮೆಸ್ಸಿನಲ್ಲಿ ರಾತ್ರಿಯ ಊಟ ಮಾತ್ರ, ಅರ್ಧ ಕಾರ್ಡು. ಮಧ್ಯಾಹ್ನ ಖಾನಾವಳಿ, ಒಂದು ಗಂಟೆಯ ಒಳಗೆ. ಎರಡೂ ಹೊತ್ತು ಮೆಸ್ಸಿಗಿಂತ ತಿಂಗಳಿಗೆ ಸಾವಿರದ ಮೇಲೆ ಹೆಚ್ಚು ಬೀಳುತ್ತದೆ, ಅದನ್ನು ನಾನು ಕೊಡುತ್ತೇನೆ. ಭಾನುವಾರ ರಾತ್ರಿ ಮೆಸ್ ಬಂದ್ ಇರುತ್ತದಲ್ಲ, ಅಂದು ಸಪ್ತಾಪುರ ಬಾವಿಯ ಹತ್ತಿರದ ಗಾಡಿಗಳ ಮುಂದೆ ನಿಲ್ಲಲು ಜಾಗ ಸಿಗುವುದಿಲ್ಲ. ಏಳೂವರೆಯ ಒಳಗೆ ಹೋದರೆ ಗಿರ್ಮಿಟ್ ಮತ್ತು ಬಿಸಿ ಮಿರ್ಚಿ ಸಿಗುತ್ತವೆ, ತಡವಾದರೆ ಎಗ್ ರೈಸ್ ಒಂದೇ.