ಹಳೇ ಜಿಡಿಬಿ, ಹೊಸ ಜಿಸಿಸಿ: ಮೂರು ದಾರಿ ನೋಡಿದ್ದಾಯ್ತು

ಕುಶಾಲನಗರದ ಕೂಡ್ಲೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ತೂಕದ ಕಂಪ್ಯೂಟರ್ ಇನ್ನೂ ಸೆಂಟ್‌ಓಎಸ್ 7 ಎಂಬ ಹಳೇ ಲಿನಕ್ಸ್‌ನಲ್ಲೇ ಇದೆ. 2024ರ ಜೂನ್‌ಗೇ ಅದಕ್ಕೆ ಬೆಂಬಲ ನಿಂತಿದೆ. ಬದಲಿಸೋಣ ಅಂದರೆ ತೂಕದ ಯಂತ್ರದ ಡ್ರೈವರ್ ಹೊಸದರಲ್ಲಿ ಏಳುವುದಿಲ್ಲ. ನಾನು ಮಡಿಕೇರಿಯಲ್ಲಿ ಉಬುಂಟು 22.04 ಲಿನಕ್ಸ್‌ನ ಕಂಪೈಲರ್ ಜಿಸಿಸಿ 11ರಿಂದ ಪ್ರೋಗ್ರಾಂ ಅನ್ನು ಸ್ಟ್ಯಾಟಿಕ್ ಆಗಿ, ಅಂದರೆ ಬೇಕಾದ ಲೈಬ್ರರಿಗಳನ್ನು ಅದರೊಳಗೇ ಸೇರಿಸಿ, ಕಂಪೈಲ್ ಮಾಡಿ ಅಲ್ಲಿಗೆ ಒಯ್ಯುತ್ತೇನೆ. ಓಡುವುದಕ್ಕೆ ತಕರಾರಿಲ್ಲ. ತಪ್ಪು ಹುಡುಕಲು ಅಲ್ಲಿನ ಡೀಬಗರ್ ಜಿಡಿಬಿ 7.6.1ರಲ್ಲಿ ತೆರೆದರೆ ಮಾತ್ರ ಡ್ವಾರ್ಫ್ (ಕಂಪೈಲರ್ ಬೈನರಿಯಲ್ಲಿ ಬರೆದಿಡುವ ಹೆಸರು, ಸಾಲುಗಳ ಡೀಬಗ್ ಮಾಹಿತಿಯ ರೂಪ) ಆವೃತ್ತಿ 5 ಸಲ್ಲದು, 2, 3 ಅಥವಾ 4 ಬೇಕು ಅನ್ನುತ್ತದೆ. ಅನ್ನದೆ ಇನ್ನೇನು? ಡ್ವಾರ್ಫ್ 5 ಹೊರಬಂದದ್ದೇ ಈ ಜಿಡಿಬಿಯ ನಂತರ, 2017ರಲ್ಲಿ, ಜಿಸಿಸಿ ಅದನ್ನು ಡಿಫಾಲ್ಟ್ ಮಾಡಿಕೊಂಡದ್ದು 2021ರ ಈ 11ನೇ ಆವೃತ್ತಿಯಲ್ಲಿ.

ಸುಲಭದ ದಾರಿ, ಕಂಪೈಲ್ ಸೂಚನೆಗಳಿರುವ ಮೇಕ್‌ಫೈಲ್‌ನಲ್ಲಿ ಡ್ವಾರ್ಫ್ 4 ಬರೆಸುವ 'ಮೈನಸ್ ಜಿಡ್ವಾರ್ಫ್-4' ಫ್ಲ್ಯಾಗ್. ಫೈಲ್ ಸ್ವಲ್ಪ ದಪ್ಪಗಾಗುತ್ತದೆ, ಅಷ್ಟೆ. ಆದರೆ ಅದು ನಾವು ಕಂಪೈಲ್ ಮಾಡಿದ ಫೈಲುಗಳಿಗೆ ಮಾತ್ರ. ಬೇರೆಯವರು ಕಟ್ಟಿಕೊಟ್ಟ ಲೈಬ್ರರಿಯೊಳಗೆ ಡ್ವಾರ್ಫ್ 5 ಕೂತಿದ್ದರೆ ಅದೇ ದೂರು ಮರಳಿ ಬರುತ್ತದೆ. ಯಾವುದರಲ್ಲಿ ಯಾವ ಆವೃತ್ತಿ ಇದೆ ಎಂದು ರೀಡ್‌ಎಲ್ಫ್ ಎಂಬ ಕಮಾಂಡ್‌ನಲ್ಲಿ ಒಮ್ಮೆ ನೋಡಿಕೊಂಡರೆ ಒಳ್ಳೆಯದು.

ಎರಡನೆಯದು, ಹಳೇ ಮಷಿನ್‌ನಲ್ಲೇ ಹೊಸ ಜಿಡಿಬಿ ಕಟ್ಟುವುದು. ನನಗೆ ಇದು ಹಿಡಿಸಲಿಲ್ಲ. ಇತ್ತೀಚಿನ ಜಿಡಿಬಿ ಕಟ್ಟಲು ಸಿ++17 ಬಲ್ಲ ಕಂಪೈಲರ್ ಬೇಕು, ಅಲ್ಲಿರುವ ಜಿಸಿಸಿ 4.8.5ಕ್ಕೆ ಅದು ಬರುವುದಿಲ್ಲ. ಜಿಡಿಬಿ 10ರವರೆಗೆ ಇಳಿದರೆ ಕೆಲಸವಾಗುತ್ತದೆ, ಆದರೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವ ಊರಿನಲ್ಲಿ ಅಷ್ಟು ಹೊತ್ತಿನ ಬಿಲ್ಡ್‌ಗೆ ಕೂರುವ ತಾಳ್ಮೆ ಯಾರಿಗಿದೆ!

ನಾನು ಉಳಿಸಿಕೊಂಡದ್ದು ಮೂರನೆಯದು, ಜಿಡಿಬಿಸರ್ವರ್: ಹಳೇ ಮಷಿನ್‌ನಲ್ಲಿ ಕೂತು ಇನ್ನೊಂದು ಕಡೆಯ ಜಿಡಿಬಿ ಹೇಳಿದಂತೆ ಮಾಡುವ ಸಣ್ಣ ಪ್ರೋಗ್ರಾಂ. ಇದು ಡ್ವಾರ್ಫ್ ಓದುವ ಗೋಜಿಗೇ ಹೋಗುವುದಿಲ್ಲ. ಪ್ರೋಗ್ರಾಂ ನಿಲ್ಲಿಸುವುದು, ರಿಜಿಸ್ಟರ್, ಮೆಮೊರಿ ಓದಿ ಕಳಿಸುವುದು, ಇಷ್ಟೇ ಅದರ ಪಾಡು. ಹೆಸರು, ಸಾಲು, ಟೈಪು ಎಲ್ಲ ಬಿಡಿಸುವುದು ಈ ಕಡೆಯ ಜಿಡಿಬಿ. ಹಾಗಾಗಿ ಆ ಕಡೆ 7.6ರ ಸರ್ವರ್, ನನ್ನ ಲ್ಯಾಪ್‌ಟಾಪಿನಲ್ಲಿ ಜಿಡಿಬಿ 12, ಎರಡೂ ಹೊಂದಿಕೊಂಡು ಹೋಗುತ್ತವೆ. ಸೆಂಟ್‌ಓಎಸ್‌ನಲ್ಲಿ ಜಿಡಿಬಿಸರ್ವರ್ ಬೇರೆ ಪ್ಯಾಕೇಜ್, ಮೊದಲೇ ಹಾಕಿಟ್ಟಿರಬೇಕು. ಎರಡರ ನಡುವೆ ಒಂದು ನೆಟ್‌ವರ್ಕ್ ಕೇಬಲ್ ಹಾಕಿ 'ಟಾರ್ಗೆಟ್ ರಿಮೋಟ್' ಕೊಟ್ಟರೆ ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ನಿಲ್ಲಬೇಕಾದ ಗುರುತು) ಸರಿಯಾದ ಸಾಲಿಗೇ ಬೀಳುತ್ತದೆ. ಟವರ್ ಸಿಗ್ನಲ್ ಇರಲಿ, ಹೋಗಲಿ, ಇದಕ್ಕೆ ಸಂಬಂಧವೇ ಇಲ್ಲ.

ಕೋರ್ ಫೈಲ್, ಅಂದರೆ ಪ್ರೋಗ್ರಾಂ ಕುಸಿದಾಗ ಉಳಿಯುವ ಮೆಮೊರಿಯ ಪ್ರತಿ, ಅದನ್ನು ಮಾತ್ರ ಜಿಡಿಬಿಸರ್ವರ್ ತೆರೆಯುವುದಿಲ್ಲ. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದು ಅದೇ ಬೈನರಿಯ ಜೊತೆ ಲ್ಯಾಪ್‌ಟಾಪಿನಲ್ಲಿ ನೋಡುತ್ತೇನೆ. ಸ್ಟ್ಯಾಟಿಕ್ ಆದ್ದರಿಂದ ಅಲ್ಲಿನ ಲೈಬ್ರರಿಗಳನ್ನು ಹೊತ್ತು ತರುವ ಕೆಲಸವಿಲ್ಲ.