ಬಣ್ಣ ಬಳಿದ ಕಲ್ಲನ್ನು ಲೈವ್ ರಾಕ್ ಅಂತ ಮಾರುತ್ತಿದ್ದಾರೆ, ದಯವಿಟ್ಟು ಎಚ್ಚರ

ರೀಫ್ ಟ್ಯಾಂಕ್ (ಹವಳ, ಕಡಲ ಮೀನು ಸಾಕುವ ಉಪ್ಪು ನೀರಿನ ಅಕ್ವೇರಿಯಂ) ಇಡಬೇಕು ಅಂತಿರುವವರು ಲೈವ್ ರಾಕ್‌ಗೆ ದುಡ್ಡು ಕೊಡುವ ಮೊದಲು ಇದನ್ನು ಓದಿ. ಲೈವ್ ರಾಕ್ ಅಂದರೆ ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ನೆಲೆಸಿರುವ ತೂತು ತೂತಿನ ಕಲ್ಲು. ಬೆಂಗಳೂರಿನ ಒಂದು ಅಂಗಡಿಯವನು ನನಗೆ ಹಾಕಿದ ಟೋಪಿಯ ಕಥೆ ಇದು. ಬರೆಯುವಾಗಲೂ ಮೈ ಉರಿಯುತ್ತಿದೆ.

ಉಪ್ಪು ನೀರಿನ ಟ್ಯಾಂಕಿಗೆ ಯಾವ ಫಿಲ್ಟರ್ ಅಂತ ತಲೆ ಕೆಡಿಸಿಕೊಂಡವರಿಗೆ ಇದು ಗೊತ್ತೇ ಇರುತ್ತದೆ. ಕ್ಯಾನಿಸ್ಟರ್, ಬಯೋ ಬಾಲ್ ಥರದ ಫಿಲ್ಟರ್ ಎಲ್ಲ ಮೀನಿನ ಕಸದಿಂದ ಬರುವ ವಿಷ ಅಮೋನಿಯಾವನ್ನು ನೈಟ್ರೇಟ್ ಮಾಡಿ ಅಲ್ಲಿಗೇ ಕೈಬಿಡುತ್ತವೆ. ಒಳ್ಳೆಯ ಲೈವ್ ರಾಕ್ ಆದರೆ ಅದರ ಒಳಗಿನ ತೂತುಗಳಲ್ಲಿ ಆಮ್ಲಜನಕ ಕಡಿಮೆ. ಅಲ್ಲಿರುವ ಬ್ಯಾಕ್ಟೀರಿಯಾ ನೈಟ್ರೇಟನ್ನೂ ಸಾರಜನಕ ಅನಿಲ ಮಾಡಿ ಹೊರಗೆ ಕಳಿಸುತ್ತವೆ. ಅದಕ್ಕೇ ನಾನು ಕಲ್ಲನ್ನೇ ಆರಿಸಿದ್ದು. ಆ ಆಯ್ಕೆ ಈಗಲೂ ಸರಿ. ನನ್ನ ಸಿಟ್ಟು ಮಾರಿದವನ ಮೇಲೆ.

ನಾನು ಕೇಳಬೇಕಾದ್ದನ್ನೆಲ್ಲ ಕೇಳಿದ್ದೆ. ಎಲ್ಲಿಂದ ತಂದಿದ್ದು? "ಇಂಪೋರ್ಟೆಡ್ ಮೇಡಂ, ಫಾರ್ಮ್‌ನಲ್ಲಿ ಬೆಳೆಸಿದ್ದು." ಕ್ಯೂರ್ ಆಗಿದೆಯಾ, ಅಂದರೆ ಕಲ್ಲಿನಲ್ಲಿ ಸತ್ತ ಜೀವಿಗಳೆಲ್ಲ ಕೊಳೆತು ಹೋಗಿ ಸ್ವಚ್ಛ ಆಗಿದೆಯಾ? "ಪೂರ್ತಿ ಆಗಿದೆ, ನಾಳೆನೇ ಮೀನು ಬಿಡಿ." ಬಿಲ್? "ವಾಟ್ಸಾಪ್ ಮಾಡ್ತೀನಿ." ಕಲ್ಲಿನ ಮೇಲೆ ಚೆಂದದ ನೇರಳೆ ಬಣ್ಣ. ಕೋರಲೈನ್ ಪಾಚಿ ಎಷ್ಟು ಚೆನ್ನಾಗಿ ಹಿಡಿದಿದೆ ಅಂತ ಅವನೇ ತೋರಿಸಿದ. ಒಂದು ಜೊತೆ ಕ್ಲೌನ್ ಮೀನನ್ನೂ ಅವನೇ ಕಟ್ಟಿಕೊಟ್ಟ.

ಅವನ ಮಾತು ನಂಬಿ ಕಲ್ಲು ಇಟ್ಟು ಮೀನು ಬಿಟ್ಟೆ. ಮೀನುಗಳು ನೀರಿನ ಮೇಲೆ ಬಂದು ಬಾಯಿ ಬಡಿಯತೊಡಗಿದವು. ಅಮೋನಿಯಾ ಟೆಸ್ಟ್ ಹಾಕಿದೆ. ಹಳದಿ ಇರಬೇಕಾದ ನೀರು ಕಡು ಹಸಿರು. ಫೋನ್ ಮಾಡಿದರೆ, "ನಿಮ್ಮ ನೀರೇ ಸರಿ ಇಲ್ಲ ಮೇಡಂ." ಆರ್‌ಒ ನೀರು, ಸಾಂದ್ರತೆ ಸಮುದ್ರದ ನೀರಿನಷ್ಟೇ, 1.025 ಅಂದೆ. "ಹಾಗಾದ್ರೆ ಬ್ಯಾಕ್ಟೀರಿಯಾ ಬಾಟಲಿ ತಗೊಳ್ಳಿ." ಆಮೇಲೆ, "ಅಷ್ಟು ಅಮೋನಿಯಾ ನಮ್ಮ ಗೋಲ್ಡ್ ಫಿಶ್ ಟ್ಯಾಂಕಲ್ಲೂ ಇರುತ್ತೆ, ಏನೂ ಆಗಲ್ಲ." ಸಮುದ್ರದ ಟ್ಯಾಂಕಿನ ಪಿಎಚ್ 8.1ರ ಮೇಲೆ ಇರುತ್ತದೆ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಜಾಸ್ತಿ. ಇದು ಅವನಿಗೆ ಗೊತ್ತಿಲ್ಲ ಅಂದರೆ ನಾನು ನಂಬಲ್ಲ. ಕೊನೆಗೆ ಏನಂದ ಗೊತ್ತಾ? "ಮನೇಲಿ ಸರ್ ಇದ್ರೆ ಫೋನ್ ಕೊಡಿ, ಅವರಿಗೆ ಹೇಳ್ತೀನಿ." ಟ್ಯಾಂಕ್ ನನ್ನದು, ದುಡ್ಡು ನನ್ನದು, ಮಾತು ಮಾತ್ರ ಸರ್ ಹತ್ತಿರ!

ಎರಡೂ ಮೀನು ಸತ್ತವು. ಕಲ್ಲು ಹೊರಗೆ ತೆಗೆದೆ. ಬೆರಳಿಗೆ ನೇರಳೆ ಬಣ್ಣ ಅಂಟಿತು. ಉಗುರಿನಲ್ಲಿ ಕೆರೆದರೆ ಸಿಪ್ಪೆಯ ಹಾಗೆ ಎದ್ದು ಬಂತು. ನಿಜವಾದ ಕೋರಲೈನ್ ಸುಣ್ಣದ ಗಟ್ಟಿ ಪದರ, ಉಗುರಿಗೆಲ್ಲ ಏಳುವಂಥದ್ದಲ್ಲ. ಇದು ಪೇಂಟ್. ಬರೀ ಪೇಂಟ್! ಕೆಳಗೆ ಬೋಳು ಬಿಳಿ ಕಲ್ಲು, ತೂತುಗಳಲ್ಲಿ ಕೊಳೆತ ಸ್ಪಂಜು (ಕಡಲ ಜೀವಿ). ಅಮೋನಿಯಾ ಬಂದಿದ್ದು ಇದರಿಂದಲೇ. ಮನೆಯಿಡೀ ನಾತ. ಅಷ್ಟು ವಿಚಾರಿಸಿ ತಂದರೂ ಮನೆಯವರೆಲ್ಲರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಯಿತು.

ಬಿಲ್ ಮತ್ತೆ ಕೇಳಿದೆ. "ಸಮುದ್ರದ ಐಟಂಗೆ ಬಿಲ್ ಬರಲ್ಲ ಮೇಡಂ." ಬರಲ್ವಂತೆ! ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯಲ್ಲಿವೆ. ನಮ್ಮ ಸಮುದ್ರದಿಂದ ಹವಳದ ಕಲ್ಲು ಕಿತ್ತು ಮಾರುವುದು ಅಪರಾಧ. ಬಿಲ್ ಯಾಕೆ ಕೊಡಲಿಲ್ಲ ಅಂತ ನೀವೇ ಊಹಿಸಿ.

ಬಿಲ್ ಕೈಗೆ ಬರದೆ ದುಡ್ಡು ಕಳಿಸಬೇಡಿ. ಕಲ್ಲು ಇಟ್ಟಿರುವ ತೊಟ್ಟಿಯ ನೀರನ್ನು ನಿಮ್ಮ ಕಿಟ್‌ನಲ್ಲೇ, ಅವರ ಎದುರಿಗೇ ಟೆಸ್ಟ್ ಮಾಡಿ. ಅಮೋನಿಯಾ ಸೊನ್ನೆ ಇರಬೇಕು. ಉಗುರಿನಲ್ಲಿ ಕೆರೆಯಿರಿ, ಮೂಸಿ ನೋಡಿ. ಅಂಗಡಿಯವರು ಬೇಡ ಅಂದರೆ ಎದ್ದು ಬನ್ನಿ. ನನ್ನ ಕೇಳಿದರೆ, ಕೃತಕ ಡ್ರೈ ರಾಕ್ (ಜೀವಿಗಳಿಲ್ಲದ ಒಣ ಕಲ್ಲು) ಅಂತ ಹೇಳಿಯೇ ಮಾರುವುದನ್ನು ತಂದು, ಮೀನಿಲ್ಲದೆ ನಾಲ್ಕರಿಂದ ಆರು ವಾರ ಸೈಕಲ್ ಮಾಡುವುದೇ, ಅಂದರೆ ಬ್ಯಾಕ್ಟೀರಿಯಾ ಬೆಳೆಯಲು ಬಿಡುವುದೇ ವಾಸಿ. ನಾನೂ ಈಗ ಅದನ್ನೇ ಮಾಡುತ್ತಿದ್ದೇನೆ.

ಅವನು ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ಯುಪಿಐ ಪಾವತಿ, ವಾಟ್ಸಾಪ್ ಮಾತು ಎಲ್ಲ ಇಟ್ಟುಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಇಂಥದ್ದೇ ಕಲ್ಲು ತಂದು ಮೋಸ ಹೋದವರು ಇದ್ದರೆ ನೀವೂ ದೂರು ಕೊಡಿ.